ಮೊದಲ ಕ್ಯಾನು

ಪರದೆಯ ಮೇಲೆ ಬಂದ ಅಂಕಿಯನ್ನು ಮೇಘಶ್ರೀ ಎರಡು ಸಲ ಓದಿಕೊಂಡಳು. ಫ್ಯಾಟು ಎರಡು ಪಾಯಿಂಟ್ ಎಂಟು. ಅದರ ಕೆಳಗೆ, ನೀರು ಹನ್ನೊಂದು ಪರ್ಸೆಂಟು. ಅವಳು ಓದುವ ಮೊದಲೇ ಹೊರಗಿನವರು ಓದಿಯಾಗಿತ್ತು. ಸದಸ್ಯರಿಗೂ ಕಾಣಲಿ ಎಂದು ಡೈರಿಯ ಬಾಗಿಲ ಮೇಲೆ ಹಾಕಿದ್ದ ಬೋರ್ಡಿನಲ್ಲಿ ಅದೇ ಅಂಕಿಗಳು ಕೆಂಪಗೆ ಹೊತ್ತಿಕೊಂಡಿದ್ದವು. ಕಿಟಕಿಯ ಆಚೆ ಮಲ್ಲಿಗಮ್ಮ ಕ್ಯಾನಿನ ಮುಚ್ಚಳವನ್ನು ಕೈಯಲ್ಲೇ ಹಿಡಿದು, ತಲೆ ಎತ್ತಿ ಬೋರ್ಡನ್ನು ನೋಡುತ್ತಿದ್ದಳು. ಅವಳಿಗೆ ಓದು ಬರುತ್ತಿರಲಿಲ್ಲ. ಹಿಂದೆ ನಿಂತವರ ಸದ್ದು ಅಡಗಿದ್ದರಿಂದ ಏನೋ ಆಗಿದೆ ಎಂದು ಗೊತ್ತಾಗಿತ್ತು.

ಸಾಲಿನಲ್ಲಿ ಎರಡನೆಯವಳಾಗಿದ್ದ ಬೆಟ್ಟಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡಳು. "ಫಸ್ಟೇ ನಿಂತ್ಕೊಬೇಕು ಅಂತ ಓಡ್ ಬಂದವ್ಳೆ ಪಾಪ. ಆಲು ಕರ್ಕೊಳಾಕೆ ಟೈಮ್ ಆಗಿಲ್ಲ, ಬಾವಿಯಿಂದ ತಂದವ್ಳೆ."

ಮೇಲಿನ ಕೇರಿಯ ನಾಲ್ಕೈದು ಹೆಂಗಸರು ನಕ್ಕರು. ಕೆಳಗಿನ ಕೇರಿಯವರು ನಗಲಿಲ್ಲ. ಮಲ್ಲಿಗಮ್ಮ ಬೆಟ್ಟಮ್ಮನ ಕಡೆ ತಿರುಗಲೇ ಇಲ್ಲ. ಕಿಟಕಿಯ ಸರಳಿನ ಹತ್ತಿರ ಮುಖ ತಂದು, ಮೇಘಶ್ರೀಗೆ ಮಾತ್ರ ಕೇಳುವಂತೆ, "ನೀರಾಕಿಲ್ಲ ಕಣವ್ವ" ಎಂದಳು.

ಮೇಘಶ್ರೀಗೆ ಅದು ಗೊತ್ತಿತ್ತು. ಹಾಲಿನಲ್ಲಿ ನೀರಿಲ್ಲ, ನೀರು ಇದ್ದದ್ದು ಯಂತ್ರದ ಹೊಟ್ಟೆಯಲ್ಲಿ ಎನ್ನುವುದು ಆ ಊರಿನಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು. ಹೇಳಲು ಬಾಯಿ ತೆರೆದಳು. ಬಾಗಿಲಲ್ಲಿ ಕಂದಾಯ ಇಲಾಖೆಯ ನಟರಾಜು ಮೊಬೈಲು ಎತ್ತಿ ವಿಡಿಯೋ ಮಾಡುತ್ತಿದ್ದ, ಸಾಲಿನ ಪಕ್ಕದಲ್ಲಿ ಮಲ್ಲಿಗಮ್ಮನ ಮಗ ಕೀರ್ತಿರಾಜ್ ಇನ್ನೊಂದು ಮೊಬೈಲು ಎತ್ತಿದ್ದ, ಜಗಲಿಯ ಬೆಂಚಿನ ಮೇಲೆ ಡೈರಿಯ ಅಧ್ಯಕ್ಷ ಚನ್ನಪ್ಪ, ಅವಳ ದೊಡ್ಡಪ್ಪ, ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಅವಳ ಗಂಟಲಿನಿಂದ ಬಂದದ್ದು ಇಷ್ಟೇ: "ಇನ್ನೊಂದ್ಸಲ ಹಾಕ್ತೀನಿ."

"ಯಾಕ್ ಮಗ ಇನ್ನೊಂದ್ಸಲ?" ಚನ್ನಪ್ಪ ಕೂತಲ್ಲಿಂದಲೇ ಕೇಳಿದ. ದನಿಯಲ್ಲಿ ಕೋಪವಿರಲಿಲ್ಲ. "ಎಲ್ರಿಗೂ ಒಂದೇ ಸಲ ತಾನೆ ಟೆಸ್ಟು? ಇವ್ರಿಗೆ ಎರಡ್ ಸಲ ಆದ್ರೆ ನಾಳಿಕೆ ಎಲ್ರೂ ಕೇಳ್ತಾರೆ. ಒಪ್ಪಂದದಲ್ಲಿ ಸಮ ಅಂತ ಬರ್ದವ್ರೆ ಕಣವ್ವ, ಸಮಾನೇ ಇರ್ಲಿ."

ನಟರಾಜು ಮೊಬೈಲು ಇಳಿಸದೆ ತಲೆಯಾಡಿಸಿದ. ನೀರು ಐದು ಪರ್ಸೆಂಟು ದಾಟಿದರೆ ಹಾಲು ವಾಪಸು ಎನ್ನುವುದು ಡೈರಿಯ ಹಳೆಯ ನಿಯಮ. ಮಲ್ಲಿಗಮ್ಮ ಯಾರ ಬಾಯಿಂದಲೂ ಅದನ್ನು ಹೇಳಿಸಿಕೊಳ್ಳಲಿಲ್ಲ. ಮುಚ್ಚಳ ಹಾಕಿ, ಆರು ಲೀಟರಿನ ಕ್ಯಾನನ್ನು ಸೊಂಟಕ್ಕೆ ಏರಿಸಿಕೊಂಡು, ನಿಂತ ಸಾಲಿನ ಉದ್ದಕ್ಕೂ ಎಲ್ಲರ ಎದುರಿಗೆ ನಡೆದುಕೊಂಡು ಹೋದಳು. ಕೆಳಗಿನ ಕೇರಿಗೆ ಹೋಗಲು ಬೇರೆ ದಾರಿ ಇರಲಿಲ್ಲ.

ಸಂಪಿಗೆಕೊಪ್ಪಲಿನ ಡೈರಿಯಲ್ಲಿ ಕೆಳಗಿನ ಕೇರಿಯ ಹಾಲು ಎಲ್ಲರದೂ ಆದ ಮೇಲೆ ಬರಬೇಕು, ಬೇರೆ ಕ್ಯಾನಿಗೆ ಬೀಳಬೇಕು ಎಂದು ಯಾರೂ ಎಲ್ಲೂ ಬರೆದಿರಲಿಲ್ಲ. ಹಾಗೆ ನಡೆಯುತ್ತಿತ್ತು, ಅಷ್ಟೆ. ಮೊದಲು ತುಂಬಿದ ಕ್ಯಾನಿನ ಹಾಲು ಊರಿನ ಟೀ ಅಂಗಡಿಗೆ, ದೇವರ ಅಭಿಷೇಕಕ್ಕೆ, ಎಳೆಮಕ್ಕಳಿದ್ದ ಮನೆಗಳಿಗೆ ಹೋಗುತ್ತಿತ್ತು. ಉಳಿದದ್ದು ವ್ಯಾನು ಹತ್ತಿ ಹಾಸನಕ್ಕೆ ಹೋಗಿ, ಒಂದೇ ಟ್ಯಾಂಕಿಗೆ ಬಿದ್ದು, ಪ್ಯಾಕೆಟ್ಟಾಗಿ ಕೊಣನೂರಿನ ಅಂಗಡಿಗೆ ವಾಪಸು ಬರುತ್ತಿತ್ತು. ಹಬ್ಬದ ದಿನ ಪಾಯಸಕ್ಕೆ ಹಾಲು ಸಾಲದೆ ಬಂದರೆ ಮೇಲಿನ ಕೇರಿಯವರು ಅದೇ ಪ್ಯಾಕೆಟ್ಟನ್ನು ತಂದು ಕತ್ತರಿಸುತ್ತಿದ್ದರು. ಹಾಸನದಲ್ಲಿ ಬಿ.ಎಸ್ಸಿ. ಮುಗಿಸಿ ಬಂದು ಎರಡು ವರ್ಷದಿಂದ ಇಲ್ಲಿ ಹಾಲು ಪರೀಕ್ಷೆ ಮಾಡುತ್ತಿದ್ದ ಮೇಘಶ್ರೀ ಇದನ್ನು ಯೋಚಿಸಿರಲಿಲ್ಲ ಎಂದಲ್ಲ. ಯಾರಿಗೂ ಹೇಳಿರಲಿಲ್ಲ.

ಹೇಳುವ ಕೆಲಸ ಅವಳಿಗೆ ಯಾವಾಗಲೂ ಕಷ್ಟವೇ. ಬಸ್ಸಿನಲ್ಲಿ ತನ್ನ ಸ್ಟಾಪು ಬಂದಾಗ ಕಂಡಕ್ಟರನಿಗೆ ಹೇಳಲಾಗದೆ ಮುಂದಿನ ಸ್ಟಾಪಿನವರೆಗೂ ಹೋಗಿ ನಡೆದು ಬಂದವಳು. ಡೈರಿಯ ಕೆಲಸ ಅವಳಿಗೆ ಹಿಡಿಸಿದ್ದು ಅದಕ್ಕೇ. ಅಲ್ಲಿ ಮಾತಾಡುವುದು ಯಂತ್ರ. ಚೀಟಿ ಹರಿದು ಕೊಟ್ಟರೆ ಸಾಕು.

ದೀಪಾವಳಿ ಕಳೆದ ವಾರ ಮಲ್ಲಿಗಮ್ಮನಿಗೆ ಜ್ವರ ಬಂದು ಕೀರ್ತಿರಾಜ್ ಹಾಲು ತಂದಿದ್ದ. ತಂದವನು ಕ್ಯಾನನ್ನು ಸಾಲಿನ ಮಧ್ಯದಲ್ಲಿ ಇಟ್ಟ. ಯಾರದೋ ಕಾಲು ತಗುಲಿತು, ಅಥವಾ ತಗುಲಿಸಿದರು. ಹಾಲು ಜಗಲಿಯಿಂದ ಚರಂಡಿಯವರೆಗೂ ಹರಿಯಿತು. ಸಂಜೆ ಕತ್ತಲಾಗುವುದರೊಳಗೆ ನಾಲ್ಕು ಜನರ ತಲೆ ಒಡೆದಿತ್ತು, ಒಂದು ಬೈಕು ಸುಟ್ಟಿತ್ತು. ನಲವತ್ತು ದಿನ ಪೊಲೀಸು ವ್ಯಾನು ಅರಳಿಕಟ್ಟೆಯ ಹತ್ತಿರ ನಿಂತಿತ್ತು. ಎರಡೂ ಕೇರಿಯಿಂದ ಹನ್ನೊಂದು ಹುಡುಗರ ಹೆಸರು ಪಟ್ಟಿಯಲ್ಲಿತ್ತು. ಅವರ ಮೇಲೆ ರೌಡಿ ಶೀಟು ತೆರೆಯುತ್ತಾರೆ ಎಂಬ ಮಾತು ಬಂದ ಮೇಲೆ ಹಿರಿಯರು ಮೆತ್ತಗಾದರು. ಅರಕಲಗೂಡಿನ ತಾಲ್ಲೂಕು ಕಚೇರಿಯಲ್ಲಿ ಏಳು ಷರತ್ತಿನ ಶಾಂತಿ ಒಪ್ಪಂದ ಆಯಿತು. ನಾಲ್ಕನೆಯದು ಡೈರಿಯದು. ಒಂದೇ ಸಾಲು, ಒಂದೇ ಕ್ಯಾನು, ಮೊದಲು ಬಂದವರದು ಮೊದಲು, ಎಲ್ಲರಿಗೂ ಸಮ. ಮೂವತ್ತು ದಿನ ಹೀಗೆ ನಡೆದದ್ದನ್ನು ಪುಸ್ತಕದಲ್ಲಿ ಬರೆದು, ದಿನಾ ಮೇಲಿನ ಕೇರಿಯ ಪರವಾಗಿ ಚನ್ನಪ್ಪ, ಕೆಳಗಿನ ಕೇರಿಯ ಪರವಾಗಿ ಕೀರ್ತಿರಾಜ್ ಸಹಿ ಹಾಕಬೇಕು. ಮೂವತ್ತೂ ದಿನ ಎರಡೆರಡು ಸಹಿ ಬಿದ್ದರೆ ಹನ್ನೊಂದು ಹೆಸರನ್ನು ಅಲ್ಲಿಗೇ ಬಿಡುವುದು.

ಹನ್ನೊಂದರಲ್ಲಿ ಒಂದು ಮೇಘಶ್ರೀಯ ತಮ್ಮ ಅಭಿಷೇಕನದು. ಅರಣ್ಯ ಇಲಾಖೆಯ ವಾಚರ್ ಕೆಲಸದ ಆಯ್ಕೆ ಪಟ್ಟಿಯಲ್ಲಿ ಅವನ ಹೆಸರು ಬಂದಿತ್ತು. ಪೊಲೀಸು ವರದಿ ಈ ತಿಂಗಳ ಕೊನೆಗೆ ಹೋಗಬೇಕಿತ್ತು. ಇನ್ನೊಂದು ಕೀರ್ತಿರಾಜನದು. ಶಾಲಾ ವಾಹನ ಓಡಿಸುವ ಬ್ಯಾಡ್ಜಿಗೆ ಅವನಿಗೂ ಅದೇ ಠಾಣೆಯ ಕಾಗದವೇ ಬೇಕಿತ್ತು.

ಮೊದಲ ಹನ್ನೊಂದು ದಿನ ಪುಸ್ತಕ ತುಂಬಿತು. ಒಪ್ಪಂದ ಅಕ್ಷರಶಃ ನಡೆಯಿತು ಎಂದೇ ಹೇಳಬೇಕು. ಎರಡನೇ ದಿನದಿಂದ ಮೇಲಿನ ಕೇರಿಯವರು ಸಂಜೆ ಹಾಲು ಹಾಕಿ ಹೋಗುವಾಗಲೇ ಬೆಳಗಿನ ಸರದಿಗೆಂದು ಖಾಲಿ ಕ್ಯಾನುಗಳನ್ನು ಜಗಲಿಯ ಮೇಲೆ ಸಾಲಾಗಿ ಬಿಟ್ಟು ಹೋದರು. ಅಲ್ಲಿ ಕಲ್ಲಿಟ್ಟು, ಚಪ್ಪಲಿ ಬಿಟ್ಟು ಜಾಗ ಹಿಡಿಯುವುದು ಹೊಸದೇನಲ್ಲ. ಕೆಳಗಿನ ಕೇರಿಯವರು ಮಧ್ಯಾಹ್ನಕ್ಕೇ ತಂದಿಟ್ಟರೆ ಮೇಲಿನವರು ಅದಕ್ಕೂ ಮುಂಚೆ ಬೆಳಿಗ್ಗೆಯೇ ಇಟ್ಟರು. ಆರನೇ ದಿನಕ್ಕೆ ಎರಡು ಹೊತ್ತಿನ ಖಾಲಿ ಕ್ಯಾನುಗಳು ಜಗಲಿ ಇಳಿದು ನಲ್ಲಿಯವರೆಗೂ ನಿಂತವು. ಹಾಲು ಕರೆಯುವುದಕ್ಕೆ ಮನೆಯಲ್ಲಿ ಪಾತ್ರೆ ಇಲ್ಲದೆ ಹೆಂಗಸರು ಪ್ಲಾಸ್ಟಿಕ್ ಬಕೆಟ್ಟಿಗೆ ಕರೆದರು. ಹನ್ನೊಂದನೇ ದಿನ ನಟರಾಜು ಬಂದು, ಕ್ಯಾನು ಲೆಕ್ಕಕ್ಕಿಲ್ಲ, ಮನುಷ್ಯರು ನಿಂತರೆ ಮಾತ್ರ ಸರದಿ ಎಂದು ಕೂಗಿ ಹೇಳಿ ಹೋದ. ಮಾರನೆಯ ಬೆಳಿಗ್ಗೆ ಮೇಘಶ್ರೀ ಬೀಗ ತೆಗೆಯಲು ಬಂದಾಗ ಮಲ್ಲಿಗಮ್ಮ ಮೆಟ್ಟಿಲ ಮೇಲೆ ಕೂತಿದ್ದಳು. ಕಾಲು ಗಂಟೆಯಲ್ಲಿ ನಟರಾಜುವೂ ಬಂದ. ಹಾಗೆ ಮಲ್ಲಿಗಮ್ಮ ಮೊದಲನೆಯವಳಾದಳು.

ಯಂತ್ರವನ್ನು ಬಿಸಿನೀರಿನಲ್ಲಿ ತೊಳೆದ ಮೇಲೆ ಅದರ ಕೊಳವೆಯಲ್ಲಿ ಒಂದಿಷ್ಟು ನೀರು ಉಳಿಯುತ್ತದೆ. ಮೊದಲು ಹಾಕಿದ ಹಾಲು ಯಾರದೇ ಆಗಲಿ, ಅದು ನೀರು ಎಂದೇ ತೋರಿಸುತ್ತದೆ. ಅದಕ್ಕೇ ಒಂದು ಸಲ ಸುಮ್ಮನೆ ಹಾಲು ಹಾಯಿಸಿ, ಅದನ್ನು ಚೆಲ್ಲಿ, ಆಮೇಲೆ ಪರೀಕ್ಷೆ ಶುರು ಮಾಡಬೇಕು. ಈ ಎರಡು ವರ್ಷ, ಖಾಲಿ ಕ್ಯಾನುಗಳ ಪೈಪೋಟಿಯ ಹನ್ನೊಂದು ದಿನವೂ, ಮೊದಲ ಹಾಲು ದೊಡ್ಡಪ್ಪನ ಮನೆಯದೇ ಆಗಿರುತ್ತಿತ್ತು. ಮೇಘಶ್ರೀ ಬೋರ್ಡಿನ ಸ್ವಿಚ್ಚು ಹಾಕುವ ಮೊದಲೇ ಅದನ್ನು ಒಂದು ಸಲ ಹಾಯಿಸಿಬಿಡುತ್ತಿದ್ದಳು. ಕೇಳಿದವರಿಲ್ಲ, ಹೇಳಿದವಳೂ ಅಲ್ಲ.

ಆ ಬೆಳಿಗ್ಗೆಗೆಂದು ಅವಳು ಮನೆಯಿಂದ ಒಂದು ಸಣ್ಣ ಶೀಶೆಯಲ್ಲಿ ಹಾಲು ತಂದಿದ್ದಳು. ಶೀಶೆ ಎತ್ತಿದಾಗ ಎರಡು ಮೊಬೈಲುಗಳೂ ಅವಳ ಕೈಯನ್ನೇ ನೋಡುತ್ತಿದ್ದವು. ಮಲ್ಲಿಗಮ್ಮನ ಹಾಲಿಗಿಂತ ಮುಂಚೆ ಚನ್ನಪ್ಪನ ತಮ್ಮನ ಮನೆಯ ಹಾಲು ಯಂತ್ರಕ್ಕೆ ಬಿದ್ದರೆ, ಮೊದಲು ಬಂದವರದು ಮೊದಲು ಎನ್ನುವುದು ಏನಾಯಿತು? ಬೋರ್ಡು ಹಾಕದೆ ಮಲ್ಲಿಗಮ್ಮನ ಹಾಲನ್ನೇ ಒಂದು ಸಲ ಹಾಯಿಸೋಣವೆಂದರೆ ಅದಕ್ಕೂ ಯಾಕೆ ಎಂದು ಕೇಳುತ್ತಿದ್ದರು. ಶೀಶೆಯನ್ನು ಮೇಜಿನ ಕೆಳಗಿಟ್ಟಳು. ತೊಳೆದ ನೀರನ್ನು ಚೆನ್ನಾಗಿ ಬಸಿದಿದ್ದೇನೆ, ಏನೂ ಆಗಲಿಕ್ಕಿಲ್ಲ ಎಂದುಕೊಂಡಳು.

ಹಾಲು ಹಾಕುವುದು ಮುಗಿದ ಮೇಲೆ ಪುಸ್ತಕ ಮೇಜಿನ ಮೇಲೆ ತೆರೆದು ಕೂತಿತು. ಮಲ್ಲಿಗಮ್ಮನ ಹೆಸರಿನ ಮುಂದೆ ನೀರು ಎಂದು ಬರೆದರೆ ಸಹಿ ಹಾಕುವುದಿಲ್ಲ ಎಂದು ಕೀರ್ತಿರಾಜ್ ಹೇಳಿದ. ಬರೆಯದಿದ್ದರೆ ತಾನು ಹಾಕುವುದಿಲ್ಲ ಎಂದು ಚನ್ನಪ್ಪ ಹೇಳಿದ. ಇಬ್ಬರೂ ದನಿ ಏರಿಸಲಿಲ್ಲ. ಅವರ ದನಿ ಏರಿದ್ದರೆ ಚೆನ್ನಾಗಿತ್ತು ಎಂದು ಮೇಘಶ್ರೀಗೆ ಅನ್ನಿಸಿತು. ನಟರಾಜು ಅವಳನ್ನು ಹಾಲಿನ ಕೂಲರಿನ ಹಿಂದಕ್ಕೆ ಕರೆದು ಬೆವರು ಒರೆಸಿಕೊಂಡ. ನಾಲ್ಕು ಹೋಬಳಿಯಲ್ಲಿ ಇಂಥ ಐದು ಪುಸ್ತಕಗಳ ಜವಾಬ್ದಾರಿ ಅವನ ತಲೆಯ ಮೇಲಿತ್ತು.

"ಆ ಲೈನ್ ಖಾಲಿ ಬಿಟ್ಬಿಡಮ್ಮ. ಕರೆಂಟ್ ಹೋಗಿತ್ತು ಅಂತ ಬರಿ. ನಾನು ಸಂಜೆ ಆರಕ್ಕೆ ಬತ್ತೀನಿ, ನಂಗೆ ಎರಡು ಸೈನ್ ಇದ್ರೆ ಆಯ್ತು. ಇಲ್ಲಾಂದ್ರೆ ಮುರೀತು ಅಂತ ತಹಸೀಲ್ದಾರ್ ಸಾಹೇಬ್ರಿಗೆ ಕೊಡ್ಬೇಕಾಗ್ತದೆ. ನಿಮ್ ತಮ್ಮಂದೂ ಐತಲ್ಲ ಅದರಲ್ಲಿ?"

ಮನೆಗೆ ಬಂದಾಗ ಅಭಿಷೇಕ ಹಿತ್ತಲಲ್ಲಿ ಮೇವು ಕತ್ತರಿಸುವ ಯಂತ್ರದ ಬೆಲ್ಟು ಬಿಗಿಮಾಡುತ್ತಿದ್ದ. ಮೇಘಶ್ರೀ ಅವನಿಗೆ ಹೇಳಿದಳು. ಮೊದಲು ಅವನಿಗೇ ಹೇಳಬೇಕು ಎಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದಳು. ಅವನು ಪಾನಾ ಕೆಳಗಿಟ್ಟು ಕೇಳಿಸಿಕೊಂಡ. ಬೇರೆ ಯಾರಿಗಾದರೂ ಹೇಳಿದೆಯಾ ಎಂದು ಕೇಳಿದ. ಇಲ್ಲ ಎಂದಾಗ ಬೆಲ್ಟನ್ನು ಮತ್ತೊಮ್ಮೆ ಎಳೆದು ನೋಡಿದ.

"ಏಳ್ಬೇಡ ಅಕ್ಕ. ಅವ್ರು, ಬೇಕೂಂತ ಮಾಡವ್ಳೆ ಅಂತಾರೆ. ನಮ್ಮೋರು, ಅವ್ರನ್ನ ಉಳ್ಸಾಕೆ ಸುಳ್ಳು ಏಳ್ತಾವ್ಳೆ ಅಂತಾರೆ. ಎರಡ್ ಕಡೆನೂ ನಿನ್ನೇ ತಿನ್ನೋದು." ಆಮೇಲೆ ಇನ್ನೂ ಮೆಲ್ಲಗೆ, "ಇನ್ನ ಅದ್ನೆಂಟ್ ದಿನ ಕಣೆ. ಮೂವತ್ತನೇ ದಿನಕ್ಕೂ ನಮ್ ವರದಿ ಓಗೋದಕ್ಕೂ ಸರಿಯಾಗಿ ಎರಡ್ ದಿನ ಐತೆ. ನಾನು ಎಣ್ಸಿ ನೋಡಿವ್ನಿ" ಎಂದ.

ಅವನು ಆ ದಿನ ಕ್ಯಾನನ್ನು ಒದ್ದಿದ್ದನೇ ಎಂದು ಮೇಘಶ್ರೀ ಯಾವತ್ತೂ ಕೇಳಿರಲಿಲ್ಲ. ಈಗಲೂ ಕೇಳಲಿಲ್ಲ. ಊಟ ಮಾಡದೆ ಎದ್ದಳು. ತಾಯಿ ಕೇಳಿದ್ದಕ್ಕೆ ತಲೆನೋವು ಎಂದಳು.

ಮೂರು ಗಂಟೆಯ ಬಿಸಿಲಿನಲ್ಲಿ ಅವಳು ಕೆಳಗಿನ ಕೇರಿಗೆ ಇಳಿದಳು. ಕೊಣನೂರಿನ ಬಸ್ಸು ದಿನಾ ಆ ಕೇರಿಯ ಪಕ್ಕದಲ್ಲೇ ಹೋಗುತ್ತಿತ್ತು. ಯಾರ ಮನೆಯ ಮುಂದೆ ಯಾವ ಬಣ್ಣದ ಡ್ರಮ್ಮು ಇದೆ ಎನ್ನುವುದೂ ಅವಳಿಗೆ ಬಾಯಿಪಾಠ. ಆದರೆ ಕಾಲಿಟ್ಟು ಬಂದದ್ದು ಇದೇ ಮೊದಲು. ಜಗಲಿಗಳ ಮೇಲೆ ಮಾತಾಡುತ್ತಿದ್ದವರು ಅವಳು ಬಂದಂತೆ ಮಾತು ನಿಲ್ಲಿಸಿದರು, ದಾಟಿದ ಮೇಲೂ ಮತ್ತೆ ಶುರು ಮಾಡಲಿಲ್ಲ. ಯಾರೂ ಎಲ್ಲಿಗೆ ಎಂದು ಕೇಳಲಿಲ್ಲ.

ಮಲ್ಲಿಗಮ್ಮ ಮನೆಯ ಪಕ್ಕದ ತಗಡಿನ ಕೊಟ್ಟಿಗೆಯಲ್ಲಿ ಹಸುವಿಗೆ ನೀರು ತೋರಿಸುತ್ತಿದ್ದಳು. ತೆರೆದ ಬಾಗಿಲಲ್ಲಿ ಬುದ್ಧನ ಪಟ ಕಾಣುತ್ತಿತ್ತು, ಅದರ ಕೆಳಗೆ ನೆಲದ ಮೇಲೆ ತೊಳೆದು ಬೋರಲು ಹಾಕಿದ ಹತ್ತಿಪ್ಪತ್ತು ಲೋಟಗಳು. ಬೆಳಗಿನ ಆರು ಲೀಟರನ್ನು ಕಾಯಿಸಿ ಕೇರಿಯ ಮಕ್ಕಳಿಗೆಲ್ಲ ಕುಡಿಸಿದೆ ಎಂದು ಅವಳೇ ಹೇಳಿದಳು. ಕೂರು ಎನ್ನಲಿಲ್ಲ. ಮೇಘಶ್ರೀಗೆ ಅವಳನ್ನು ಏನೆಂದು ಕರೆಯಬೇಕೋ ತಿಳಿಯಲಿಲ್ಲ. ಮನೆಯಲ್ಲಿ ಎಲ್ಲರೂ ಮಲ್ಲಿಗಿ ಎನ್ನುತ್ತಿದ್ದರು. ಪುಸ್ತಕದಲ್ಲಿ ಶ್ರೀಮತಿ ಮಲ್ಲಿಗಮ್ಮ ಎಂದು ಬರೆಯುತ್ತಿದ್ದಳು. ಎರಡೂ ಬಾಯಿಗೆ ಬರಲಿಲ್ಲ. ಏನೂ ಕರೆಯದೆ, ಹಸುವಿನ ಬೆನ್ನನ್ನು ನೋಡುತ್ತಾ, ನೀರು ಕೊಳವೆಯಲ್ಲಿ ಉಳಿಯುವ ವಿಷಯವನ್ನು ಹೇಳಿ ಮುಗಿಸಿದಳು.

ಮಲ್ಲಿಗಮ್ಮ ಬಕೆಟ್ಟನ್ನು ಕೆಳಗಿಟ್ಟಳು. "ಅಂದ್ರೆ ಚನ್ನಪ್ಪಾರ ಮನೆ ಆಲ್ನ ದಿನಾ ಎರಡ್ ಸಲ ಆಕ್ತಿದ್ದೆ ಅನ್ನು."

"ಹೂಂ."

"ಅವ್ರಿಗ್ ಗೊತ್ತಾ?"

"ಇಲ್ಲ. ಯಾರಿಗೂ ಹೇಳಿಲ್ಲ."

"ಇವತ್ಯಾಕ್ ಬುಟ್ಟೆ?"

"ನಿಮ್ಮದಕ್ಕಿಂತ ಮುಂಚೆ ನಮ್ಮನೆ ಹಾಲು ಮಿಷಿನ್ನಿಗೆ ಬಿದ್ರೆ... ಒಪ್ಪಂದ ಮುರಿದಂಗಾಗ್ತದೆ ಅಂತ."

ಮಲ್ಲಿಗಮ್ಮ ನಕ್ಕಳು. ನಗು ನಿಂತ ಮೇಲೆ ಹಸುವಿನ ಕೊರಳು ಕೆರೆದಳು, ಬಹಳ ಹೊತ್ತು. ಬೇಕಾದರೆ ಈಗಲೇ ನನ್ನೆದುರು ಕರೆಯಿರಿ, ಹಾಲನ್ನು ಶೀಶೆಯಲ್ಲಿ ತೆಗೆದುಕೊಂಡು ಹೋಗಿ ಪರೀಕ್ಷೆ ಮಾಡಿ ಸರಿ ಇದೆ ಎಂದು ಬರೆದುಕೊಡುತ್ತೇನೆ ಎಂದು ಮೇಘಶ್ರೀ ಹೇಳಿದಳು. ದಾರಿಯಲ್ಲಿ ಅವಳು ಯೋಚಿಸಿಕೊಂಡು ಬಂದಿದ್ದ ಉಪಾಯ ಅದು.

"ಬ್ಯಾಡ. ನೀನು ಇಲ್ಲಿಗಂಟ ಬಂದು ಏಳ್ದೆ, ಒಳ್ಳೇದು. ನಾನು ನಂಬ್ತೀನಿ. ನನ್ ಮಗ ನಂಬಾಕಿಲ್ಲ, ಅದು ಬುಡು." ಮಲ್ಲಿಗಮ್ಮ ಅವಳನ್ನು ನೇರವಾಗಿ ನೋಡಿದಳು. "ಆದ್ರೆ ನೀರಾಕವ್ಳೆ ಅಂದಿದ್ದು ಈ ಕೊಟ್ಟಿಗೇಲಲ್ಲ ಕಣವ್ವ. ಅಲ್ಲಿ. ಅಷ್ಟ್ ಜನದ್ ಮುಂದೆ ಕ್ಯಾನ್ ಎತ್ಕೊಂಡ್ ಬಂದಿವ್ನಿ. ಕೇಳಿಸ್ಕೊಂಡೋರು ಎಲ್ಲವ್ರೋ ಅಲ್ಲೇ ಓಗಿ ಏಳು."

ಆಗುವುದಿಲ್ಲ ಎಂದು ಹೇಳಲೂ ಮೇಘಶ್ರೀಗೆ ಆಗಲಿಲ್ಲ.

ಸಂಜೆ ಐದೂವರೆಗೆ ಬಾಗಿಲು ತೆಗೆದಾಗ ಎಂದಿಗಿಂತ ಹೆಚ್ಚು ಜನ ಇದ್ದರು. ಹಸು ಇಲ್ಲದವರೂ ಬಂದಿದ್ದರು. ನಟರಾಜು ಆರು ಎಂದವನು ಮುಂಚೆಯೇ ಬಂದು ಬೆಂಚಿನ ತುದಿಯಲ್ಲಿ ಕೂತಿದ್ದ. ಅಭಿಷೇಕ ಹುಣಸೇಮರದ ಕೆಳಗೆ ಬೈಕಿನ ಮೇಲೆ ಕೂತಿದ್ದ. ಸಾಲಿನಲ್ಲಿ ಮೊದಲು ಬೆಟ್ಟಮ್ಮ, ಎರಡನೆಯದು ಕೆಳಗಿನ ಕೇರಿಯ ಮಾದಮ್ಮ, ಮೂರನೆಯವಳು ಮಲ್ಲಿಗಮ್ಮ. ಮೇಘಶ್ರೀಯ ತಾಯಿ ಎಂಟನೆಯವಳೋ ಒಂಬತ್ತನೆಯವಳೋ ಆಗಿ, ಮಗಳು ಊಟ ಮಾಡಿರದ ಚಿಂತೆಯಲ್ಲಿ ನಿಂತಿದ್ದಳು.

ಮೇಘಶ್ರೀ ಯಂತ್ರವನ್ನು ಎಲ್ಲರಿಗೂ ಕಾಣುವಂತೆ ಕಿಟಕಿಯ ಹತ್ತಿರಕ್ಕೆ ಎಳೆದಳು. ಫ್ಲಾಸ್ಕಿನ ಬಿಸಿನೀರಿನಲ್ಲಿ ತೊಳೆದಳು. ಬೋರ್ಡಿನ ಸ್ವಿಚ್ಚು ಹಾಕಿದಳು. ಆಮೇಲೆ, "ಅವ್ವ, ನಿನ್ ಕ್ಯಾನ್ ಕೊಡಿಲ್ಲಿ" ಎಂದಳು.

ತಾಯಿಗೆ ಅರ್ಥವಾಗಲಿಲ್ಲ. ಸಾಲಿಗೆ ಅರ್ಥವಾಯಿತು. ಮಾದಮ್ಮ ಕೈ ಅಡ್ಡ ಹಿಡಿದಳು. ಕೀರ್ತಿರಾಜ್ ಮೊಬೈಲು ಎತ್ತಿ, ಲೈನು ಬಿಟ್ಟು ತಮ್ಮ ಮನೆಯವರನ್ನು ಕರೆಯುತ್ತಿದ್ದಾರೆ, ನೋಡಿ ಸಾ, ಎಂದ. ನಟರಾಜು ಎದ್ದು ನಿಂತ. ಅಷ್ಟರಲ್ಲಿ ಮಲ್ಲಿಗಮ್ಮ ಮಾದಮ್ಮನ ಕೈಯನ್ನು ಕೆಳಕ್ಕೆ ತಗ್ಗಿಸಿ, ಹಿಂದೆ ತಿರುಗಿ, ಮೇಘಶ್ರೀಯ ತಾಯಿಗೆ ಜಾಗ ಬಿಟ್ಟಳು. ತಾಯಿ ಮುಂದೆ ಬಂದು ಕ್ಯಾನು ಕೊಟ್ಟಳು.

ಯಂತ್ರ ನಲವತ್ತು ಸೆಕೆಂಡು ಗುನುಗಿತು. ಬೋರ್ಡು ಹೊತ್ತಿಕೊಂಡಿತು. ಫ್ಯಾಟು ಮೂರು ಪಾಯಿಂಟ್ ಆರು. ನೀರು ಹತ್ತು.

ಕೆಳಗಿನ ಕೇರಿಯ ಕಡೆಯಿಂದ ಯಾರೋ ಸಿಳ್ಳೆ ಹಾಕಿದರು. ತಾಯಿ ಮಗಳ ಮುಖವನ್ನೇ ನೋಡುತ್ತಿದ್ದಳು. ನಲವತ್ತು ವರ್ಷದಿಂದ ಹಾಲು ಕರೆಯುತ್ತಿದ್ದವಳ ಕಿವಿ, ಕುತ್ತಿಗೆ ಎಲ್ಲ ಕೆಂಪಾಗಿತ್ತು. ಇದನ್ನು ಮುಂಚೆಯೇ ಅವಳಿಗೆ ಹೇಳಬೇಕಾಗಿತ್ತು ಎಂದು ಮೇಘಶ್ರೀಗೆ ಹೊಳೆದದ್ದು ಆಗ. ಲೋಟದ ಹಾಲು ಚೆಲ್ಲಿ, ಅದೇ ಕ್ಯಾನಿನಿಂದ ಮತ್ತೆ ತೆಗೆದು ಹಾಕಿದಳು. ಫ್ಯಾಟು ನಾಲ್ಕು. ನೀರು ಸೊನ್ನೆ.

"ಬೆಳಿಗ್ಗೆ ಆಗಿದ್ದೂ ಇದೇ" ಎಂದಳು. "ತೊಳೆದ ನೀರು ಒಳಗೆ ಉಳೀತದೆ. ಅವರ ಹಾಲಲ್ಲಿ ನೀರಿರ್ಲಿಲ್ಲ. ತಪ್ಪು ನಂದು."

"ಏನಂದ್ಲು?" ಹಿಂದಿನಿಂದ ಯಾರೋ ಕೇಳಿದರು.

"ಮಿಸಿನ್ ಕೆಟ್ಟೋಗದಂತೆ."

"ಮಿಷಿನ್ ಕೆಟ್ಟಿಲ್ಲ." ಎರಡನೇ ಸಲ ಹೇಳುವುದು ಮೊದಲ ಸಲಕ್ಕಿಂತ ಕಷ್ಟವಾಗಿತ್ತು, ಹಾಗೆ ಆಗಬಹುದು ಎಂದು ಅವಳು ಯೋಚಿಸಿರಲಿಲ್ಲ. ಸರಳನ್ನು ಹಿಡಿದುಕೊಂಡಳು. "ನಾನು ಮಾಡ್ಬೇಕಾಗಿದ್ದು ಮಾಡ್ಲಿಲ್ಲ. ಮೊದಲು ಒಂದ್ಸಲ ಹಾಲು ಹಾಯಿಸಿ ಚೆಲ್ಬೇಕು. ದಿನಾ ಮಾಡ್ತಿದ್ದೆ. ಇವತ್ತು ಮಾಡ್ಲಿಲ್ಲ. ಮಲ್ಲಿಗಮ್ಮನವರು ನೀರು ಹಾಕಿಲ್ಲ."

ಅವಳು ಇಷ್ಟು ಉದ್ದ ಮಾತಾಡಿದ್ದನ್ನು ಆ ಊರು ಕೇಳಿರಲಿಲ್ಲ. ಚನ್ನಪ್ಪ ಬೆಂಚಿನಿಂದ ಎದ್ದ. ಅವನ ಮುಖದಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಏನೋ ಕಳೆದುಹೋದವನ ಗಲಿಬಿಲಿ ಇತ್ತು.

"ದಿನಾ ಮಾಡ್ತಿದ್ದೆ ಅಂದ್ರೆ, ನಮ್ಮನೆ ಆಲಿಗಾ?"

"ಹೂಂ ದೊಡ್ಡಪ್ಪ. ಮೊದಲು ಬರ್ತಿದ್ದದ್ದು ಅದೇ ಅಲ್ವಾ."

"ಎರಡ್ ಸಲ ಟೆಸ್ಟ್ ಮಾಡಿ ಪಾಸ್ ಮಾಡ್ತಿದ್ದ ಆಲು ಅನ್ನಂಗಾಯ್ತು ನಮ್ಮದು. ಊರ್ ಮುಂದೆ." ಅವನು ಪಂಚೆಯ ತುದಿ ಎತ್ತಿಕೊಂಡ. "ಇದ್ನ ಮನೇಲ್ ಏಳಾಕಾಗ್ತಿರ್ಲಿಲ್ವಾ ಮಗ ನಿಂಗೆ?"

ಕೀರ್ತಿರಾಜನೂ ಮೆತ್ತಗಾಗಲಿಲ್ಲ. ಚನ್ನಪ್ಪನವರ ಮನೆಯದಾದರೆ ಯಾರಿಗೂ ಕಾಣದ ಹಾಗೆ ಎರಡು ಸಲ, ನಮ್ಮವ್ವನದಾದರೆ ಬೋರ್ಡಿನ ಮೇಲೆ ಒಂದು ಸಲ, ಇದನ್ನೂ ಪುಸ್ತಕದಲ್ಲಿ ಬರೆಯಿರಿ ಸಾ, ಎಂದು ನಟರಾಜುವಿಗೆ ಹೇಳಿದ. ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಮೇಘಶ್ರೀ ಪುಸ್ತಕ ತೆರೆದು ಬರೆದಳು. ಬೆಳಗಿನ ಅಂಕಿಯ ಮೇಲೆ ಗೆರೆ ಎಳೆದು, ಪಕ್ಕದಲ್ಲಿ, ಯಂತ್ರದಲ್ಲಿ ನೀರು ಉಳಿದಿತ್ತು, ಪರೀಕ್ಷೆ ಮಾಡಿದವರ ತಪ್ಪು ಎಂದು ಬರೆದು ತನ್ನ ಸಹಿ ಹಾಕಿದಳು. ಆ ಪುಟಕ್ಕೆ ಬೇರೆ ಸಹಿ ಬೀಳಲಿಲ್ಲ. ಚನ್ನಪ್ಪ ಆಗಲೇ ಹೊರಟುಹೋಗಿದ್ದ.

ಸಾಲು ಮುಂದುವರಿಯಿತು. ಮಲ್ಲಿಗಮ್ಮನ ಸರದಿ ಬಂದಾಗ ಫ್ಯಾಟು ನಾಲ್ಕು ಪಾಯಿಂಟ್ ಒಂದು ಬಂತು. ಮೇಘಶ್ರೀ ಅದನ್ನು ಬಾಯಿಬಿಟ್ಟು ಓದಿ ಹೇಳಿದಳು. ಮಲ್ಲಿಗಮ್ಮ ಚೀಟಿಯನ್ನು ಎಲೆಯಡಿಕೆಯ ಚೀಲಕ್ಕೆ ಹಾಕಿಕೊಂಡು, ಬಂದಷ್ಟೇ ನಿಧಾನಕ್ಕೆ ಸಾಲಿನ ಉದ್ದಕ್ಕೂ ನಡೆದು ಹೋದಳು. ಬೆಟ್ಟಮ್ಮ ನೆಲ ನೋಡುತ್ತಿದ್ದಳು.

ನಟರಾಜು ನಲ್ಲಿಯ ಹತ್ತಿರ ಹೋಗಿ ಫೋನಿನಲ್ಲಿ ಬಹಳ ಹೊತ್ತು ಮಾತಾಡಿದ. ವಾಪಸು ಬಂದು, ಸಾಹೇಬರು ಮುರಿಯಿತು ಎಂದು ಬರೆಯುವುದು ಬೇಡ ಎಂದಿದ್ದಾರೆ, ಆದರೆ ಸಹಿ ಇಲ್ಲದ ದಿನವನ್ನು ಸೇರಿಸುವ ಹಾಗಿಲ್ಲ, ನಾಳೆಯಿಂದ ಮತ್ತೆ ಒಂದನೇ ದಿನ ಎಂದ. ಮೂವತ್ತು ಅಲ್ಲಿಂದ ಎಣಿಸಬೇಕು, ಅಂದರೆ ಈ ತಿಂಗಳ ಕೊನೆ ದಾಟಿ ಹೋಗುತ್ತದೆ. ಚನ್ನಪ್ಪನವರನ್ನು ತಾನು ಮಾತಾಡಿಸಿ ಒಪ್ಪಿಸುತ್ತೇನೆ ಎಂದೂ ಹೇಳಿದ. ಹುಣಸೇಮರದ ಕೆಳಗೆ ಬೈಕು ಸ್ಟಾರ್ಟ್ ಆಯಿತು. ಅದು ಮನೆಯ ಕಡೆಗೆ ಹೋಗಲಿಲ್ಲ, ರಾಮನಾಥಪುರದ ರಸ್ತೆಗೆ ತಿರುಗಿತು. ಕೀರ್ತಿರಾಜ್ ಮೊಬೈಲು ಜೇಬಿಗೆ ಹಾಕಿಕೊಂಡು ಆ ಸದ್ದು ನಿಲ್ಲುವವರೆಗೂ ಅದೇ ಕಡೆ ನೋಡುತ್ತಿದ್ದ. ಬ್ಯಾಡ್ಜಿನ ಅರ್ಜಿಗೂ ಅದೇ ತಿಂಗಳ ಕೊನೆಯೇ ಗಡುವು ಎಂದು ಮೇಘಶ್ರೀಗೆ ಗೊತ್ತಿತ್ತು.

ಮನೆಯಲ್ಲಿ ತಾಯಿ ಅವಳಿಗೆ ಅನ್ನ ಬಡಿಸಿದಳು. ಬೈಯಲಿಲ್ಲ. ಹಾಲಿನ ಪಾತ್ರೆಯನ್ನು ಮಾತ್ರ ಎರಡು ಸಲ ತೊಳೆದಳು.

ಬೆಳಿಗ್ಗೆ ಆರಕ್ಕೆ ಮೇಘಶ್ರೀ ಬೀಗ ತೆಗೆದಾಗ ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ. ಜಗಲಿಯ ಮೇಲೆ ಒಂದು ಕ್ಯಾನೂ ಇರಲಿಲ್ಲ. ಜನ ಬಂದಿರಲಿಲ್ಲ ಎಂದಲ್ಲ. ನಲ್ಲಿಯ ಹತ್ತಿರ, ಹುಣಸೇಮರದ ಕೆಳಗೆ, ಎರಡೂ ಕೇರಿಯ ಹೆಂಗಸರು ಕ್ಯಾನು ಸೊಂಟದಲ್ಲಿಟ್ಟುಕೊಂಡು ನಿಂತಿದ್ದರು. ಅವಳು ಯಂತ್ರ ತೊಳೆದಳು, ಪುಸ್ತಕದ ಹೊಸ ಪುಟದಲ್ಲಿ ದಿನ ಒಂದು ಎಂದು ಬರೆದಳು, ಕಿಟಕಿ ತೆಗೆದು ಕಾದಳು. ಯಾರೂ ಮುಂದೆ ಬರಲಿಲ್ಲ. ಮೊದಲು ಹಾಕಿದವರ ಹಾಲು ನೀರು ತೋರಿಸುತ್ತದೆ ಎನ್ನುವುದು ರಾತ್ರಿ ಊರೆಲ್ಲ ಸುತ್ತಿ ಬಂದಿತ್ತು. ಅದರ ಮುಂದಿನ ಮಾತು ಸುತ್ತಿರಲಿಲ್ಲ. ಮೊದಲನೆಯವರದನ್ನು ಎರಡು ಸಲ ಹಾಕುತ್ತೇನೆ, ಬೋರ್ಡಿಗೆ ಎರಡನೆಯದೇ ಬರುತ್ತದೆ ಎಂದು ಅವಳು ಸರಳಿಗೆ ಮುಖ ತಂದು ಕೂಗಿ ಹೇಳಿದಳು. ಕೇಳಿಸಿಕೊಂಡರು. ತಲೆಯಾಡಿಸಿದರು. ನಿಂತಲ್ಲೇ ನಿಂತರು.

"ಓಗಿ ಮಾದಮ್ಮಾರೆ, ನೀವು ಆಗ್ಲೇ ಬಂದಿದ್ರಿ" ಎಂದು ಬೆಟ್ಟಮ್ಮ ಹೇಳಿದ್ದು ಕೇಳಿಸಿತು. ಅವಳ ಬಾಯಲ್ಲಿ ಮಾದಮ್ಮನಿಗೆ ಬಹುವಚನ ಬಂದದ್ದು ಅದೇ ಮೊದಲಿರಬೇಕು.

"ಇಲ್ಲ ಬುಡಿ, ನೀವೇ ಮುಂದಿದ್ದೋರು."

ಮಲ್ಲಿಗಮ್ಮ ಸಾಲಲ್ಲದ ಆ ಗುಂಪಿನಿಂದ ಸ್ವಲ್ಪ ಆಚೆ, ಗೋಡೆಗೆ ಒರಗಿ ಕೂತು ಅಡಿಕೆ ಅಗಿಯುತ್ತಿದ್ದಳು. ತಾನು ನಿನ್ನೆಯೇ ಮೊದಲನೆಯವಳಾಗಿದ್ದೇನೆ, ಇವತ್ತು ಬೇರೆಯವರು ಆಗಲಿ ಎಂದಳಂತೆ. ಮೇಘಶ್ರೀಯ ತಾಯಿ ಬಂದು ಅವಳಿಂದ ಎರಡು ಮಾರು ದೂರದಲ್ಲಿ ಕ್ಯಾನು ಇಳಿಸಿದಳು. ಅಭಿಷೇಕ ಬಂದಿರಲಿಲ್ಲ. ಚನ್ನಪ್ಪನ ಬೆಂಚು ಖಾಲಿ ಇತ್ತು, ಅದರ ಪಕ್ಕದಲ್ಲಿ ನಟರಾಜು ನಿಂತು ಗಡಿಯಾರ ನೋಡುತ್ತಿದ್ದ.

ಕೊಣನೂರು ರಸ್ತೆಯ ತಿರುವಿನಲ್ಲಿ ಹಾಲಿನ ವ್ಯಾನು ಹಾರ್ನು ಹಾಕಿತು. ಮೇಘಶ್ರೀ ಪೆನ್ನಿನ ಮುಚ್ಚಳ ತೆಗೆದು, ಮೊದಲು ಬಂದವರು ಎಂಬ ಕಾಲಮ್ಮಿನ ಮೇಲೆ ಕೈಯಿಟ್ಟು, ಹೊರಗೆ ನೋಡಿದಳು. ಬೆಳಿಗ್ಗೆ ತೊಳೆದ ಜಗಲಿಯ ಸಿಮೆಂಟು ಇನ್ನೂ ಒದ್ದೆಯಾಗಿತ್ತು. ಕಿಟಕಿಯ ಮುಂದೆ ಒಬ್ಬರು ನಿಲ್ಲುವಷ್ಟು ಜಾಗದಲ್ಲಿ ಬಿಸಿಲು ಬಂದು ಬಿದ್ದಿತ್ತು, ಅದರ ಮೇಲೆ ಒಂದು ಹೆಜ್ಜೆಯ ಗುರುತೂ ಇರಲಿಲ್ಲ.